ಕನ್ನಡದಲ್ಲಿ ಬಂದ ಕಾರ್ಡು

ಠಾಣೆಯ ನೌಪಾಡಾದಲ್ಲಿ ನನ್ನ ಭಾವ ಅಡುಗೆಗಿದ್ದ ಹೋಟೆಲಿನಲ್ಲಿ ಅಂಚೆಗೆ ಒಂದು ಕ್ರಮವಿತ್ತು. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ, ಮೂರು ಗಂಟೆಗೆ, ಕೆಲಸದವರೆಲ್ಲ ಒಳಗಿನ ಕಟ್ಟೆಯ ಮೇಲೆ ಚಹಾಕ್ಕೆ ಕೂರುತ್ತಿದ್ದರು. ಆಗ ಧಣಿಗಳು ಗಲ್ಲಾದಿಂದ ಎದ್ದು ಬಂದು ಅಂದಿನ ಕಾಗದಗಳನ್ನು ಹಂಚುತ್ತಿದ್ದರು. ಅಂಟಿಸಿ ಮುಚ್ಚಿದ ಇನ್‌ಲ್ಯಾಂಡ್ ಪತ್ರವಾದರೆ ಹೆಸರು ನೋಡಿ ಅವರವರ ಕೈಗೆ ಕೊಡುವುದು. ಮರಾಠಿಯದೋ ಇಂಗ್ಲಿಷಿನದೋ ಕಾರ್ಡಾದರೆ ಅದು ಯಾವುದೋ ಕಚೇರಿಯದು, ಅದನ್ನು ತೆಗೆದು ಬದಿಗಿಡುವುದು. ಕನ್ನಡದ ಕಾರ್ಡಾದರೆ ಗಟ್ಟಿಯಾಗಿ ಓದುವುದು. ಕನ್ನಡದ ಕಾರ್ಡೆಂದರೆ ಊರಿನದೇ. ಯಾರ ಮನೆಯ ಹಸು ಕರು ಹಾಕಿತು, ಯಾರ ಅಕ್ಕನಿಗೆ ಗಂಡು ಒಪ್ಪಿಗೆಯಾಯಿತು ಎಂಬುದೆಲ್ಲ ಅಲ್ಲಿ ಎಲ್ಲರ ಸುದ್ದಿಯಾಗಿತ್ತು. ಅದರಲ್ಲಿ ಕದ್ದು ಓದುವುದೇನೂ ಇರಲಿಲ್ಲ. ಗುಟ್ಟಿನ ಸಂಗತಿಯಿದ್ದರೆ ಇನ್‌ಲ್ಯಾಂಡಿನಲ್ಲಿ ಬರೆಯಬೇಕು ಎಂದು ಊರಿನವರಿಗೂ ತಿಳಿದಿತ್ತು.

ಈ ಕ್ರಮ ನನಗೂ ಗೊತ್ತಿತ್ತು. ಆ ದಿನಗಳಲ್ಲಿ ನಾನು ಮುಂಬೈಯ ಒಂದು ಕನ್ನಡ ದಿನಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ಡೊಂಬಿವಲಿಯಲ್ಲಿ ಅಕ್ಕ ಮತ್ತು ಭಾವನ ಒಂದು ಕೋಣೆಯ ಮನೆಯಲ್ಲಿ ಇರುತ್ತಿದ್ದೆ. ರಜೆಯ ದಿನ ಠಾಣೆಗೆ ಹೋದರೆ ಆ ಮೂರು ಗಂಟೆಯ ಚಹಾ ನನಗೂ ಸಿಗುತ್ತಿತ್ತು. ಎರಡು ಮೂರು ಸಲ ಧಣಿಗಳ ಕನ್ನಡಕ ಸಿಗದಿದ್ದಾಗ ಕಾರ್ಡುಗಳನ್ನು ಓದಿದವನೂ ನಾನೇ.

ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ ಭಾವನಿಗೆ ಮಲದ್ವಾರದ ಪಕ್ಕದಲ್ಲಿ ಒಂದು ಕುರು ಎದ್ದಿತು. ಒಡೆಯಿತು, ಮಾಯಿತು, ಮತ್ತೆ ಎದ್ದಿತು. ಕಲ್ಯಾಣದ ಒಬ್ಬ ಡಾಕ್ಟರು ಕತ್ತರಿಸಿ ತೆಗೆದರು. ಆರು ತಿಂಗಳಲ್ಲಿ ಅದೇ ಜಾಗದಲ್ಲಿ ತೂತು ಬಿದ್ದು ಕೀವು ಸೋರತೊಡಗಿತು. ಭಾವ ಒಳಗಡೆ ಮಡಿಸಿದ ಬಟ್ಟೆ ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಅಕ್ಕ ಆ ಬಟ್ಟೆಗಳನ್ನು ಚಾಳಿನ ನಲ್ಲಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ತೊಳೆದು, ಒಂದು ಸೀರೆಯ ಅಡಿಯಲ್ಲಿ ಒಣಹಾಕುತ್ತಿದ್ದಳು. ಲೋಕಲ್ ಟ್ರೇನಿನಲ್ಲಿ ಸೀಟು ಸಿಕ್ಕರೂ ಭಾವ ಕೂರುತ್ತಿರಲಿಲ್ಲ. ಸೀಟು ಬೇಡವೆನ್ನುವ ಒಬ್ಬನೇ ಡೊಂಬಿವಲಿಯವ ತಾನೆಂದು ನಗುತ್ತಿದ್ದರು.

ಹೋಟೆಲಿನಲ್ಲಿ ಯಾರಿಗೂ ಇದು ತಿಳಿಯಬಾರದಿತ್ತು. ಭಾವ ಹನ್ನೊಂದು ವರ್ಷದಿಂದ ದೋಸೆಯ ಕಾವಲಿಯ ಮುಂದೆ ನಿಂತವರು. ಹಿಟ್ಟಿನ ಹದ, ಪಲ್ಯದ ಉಪ್ಪು, ಚಟ್ನಿಯ ಕಾಯಿ ಎಲ್ಲ ಅವರ ಕೈಯಲ್ಲಿತ್ತು. ಕೀವು ಸೋರುವ ಕಾಯಿಲೆಯವನು ಒಳಗಿದ್ದಾನೆಂದು ಗೊತ್ತಾದ ದಿನ ಆ ಜಾಗ ಹೋಗುತ್ತದೆ, ಅದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಹೋಟೆಲಿನ ಅಡುಗೆಮನೆಯಿಂದ ಕಾಯಿಲೆಯ ಕಾರಣಕ್ಕೆ ಹೊರಬಿದ್ದವನನ್ನು ಠಾಣೆಯಿಂದ ಕಲ್ಯಾಣದವರೆಗೆ ಯಾವ ಹೋಟೆಲೂ ಒಳಗೆ ಸೇರಿಸುವುದಿಲ್ಲ. ಎಲ್ಲ ಧಣಿಗಳೂ ಒಬ್ಬರಿಗೊಬ್ಬರು ಪರಿಚಯದವರು, ಬಹಳ ಮಂದಿ ನೆಂಟರು.

ಠಾಣೆಯ ಆಸ್ಪತ್ರೆಯ ಸುದ್ದಿ ನನ್ನ ಮೇಜಿಗೆ ಬಂದದ್ದು ನಾಲ್ಕು ಸಾಲಿನ ತುಣುಕಾಗಿ. ಈ ಕಾಯಿಲೆಗೆ ಆಯುರ್ವೇದದ ಔಷಧಿ ಹಚ್ಚಿದ ದಾರ ಕಟ್ಟುವ ಕ್ರಮವನ್ನೂ ಶಸ್ತ್ರಚಿಕಿತ್ಸೆಯನ್ನೂ ಹೋಲಿಸಿ ನೋಡುವ ಸಂಶೋಧನೆ ಅಲ್ಲಿ ನಡೆಯುತ್ತಿತ್ತು, ರೋಗಿಗಳು ಬೇಕಾಗಿದ್ದರು. ಅದನ್ನು ಒಳಪುಟದಲ್ಲಿ ಹಾಕಿ, ಮುಂದಿನ ಗುರುವಾರ ಭಾವನನ್ನು ಕರೆದುಕೊಂಡು ಹೋದೆ.

ಸಂಶೋಧನೆ ನೋಡಿಕೊಳ್ಳುತ್ತಿದ್ದ ಡಾಕ್ಟರು ಸೊಲ್ಲಾಪುರದ ಕಡೆಯವರು, ಮನೆಮಾತು ಕನ್ನಡ. ಪರೀಕ್ಷೆ ಮಾಡುವಾಗ ಭಾವನ ಬಿಗಿದ ಮೈಯನ್ನು ಮಾತಿನಲ್ಲೇ ಸಡಿಲಿಸಿದರು. ಆಮೇಲೆ ನನ್ನನ್ನೂ ಕೂರಿಸಿಕೊಂಡು ವಿವರಿಸಿದರು. ಮುಚ್ಚಿದ ಲಕೋಟೆಗಳಿವೆ, ಒಂದನ್ನು ಒಡೆಯುತ್ತೇವೆ, ಒಳಗೆ ದಾರವೆಂದಿದ್ದರೆ ದಾರ, ಕತ್ತಿಯೆಂದಿದ್ದರೆ ಕತ್ತಿ. ಆರಿಸುವುದು ರೋಗಿಯ ಕೈಯಲ್ಲೂ ಇಲ್ಲ, ವೈದ್ಯನ ಕೈಯಲ್ಲೂ ಇಲ್ಲ. ಗುಣವಾದ ಮೇಲೂ ಮತ್ತೆ ಮರುಕಳಿಸಿತೇ ಎಂದು ಆಗಾಗ ಪತ್ರ ಬರೆದು ಕೇಳುತ್ತೇವೆ. ಆ ಉತ್ತರ ಸಿಗದಿದ್ದರೆ ಇಷ್ಟೆಲ್ಲ ಮಾಡಿಯೂ ವ್ಯರ್ಥ.

ಭಾವ ಕೇಳಿದ್ದು ಒಂದೇ ಪ್ರಶ್ನೆ. ಹೋಟೆಲಿನವರಿಗೆ ಗೊತ್ತಾಗುವುದಿಲ್ಲವಷ್ಟೆ?

"ಪತ್ರ ಬಂದ್ ಮಾಡಿ ಕಳಸ್ತೇವ್ರಿ. ನಿಮ್ಮ ಹೆಸರೂ ನಿಮ್ಮ ರೋಗಾನೂ ಒಂದ ಪುಟದಾಗ ಎಲ್ಲೂ ಬರಂಗಿಲ್ಲ" ಎಂದರು ಡಾಕ್ಟರು.

ಲಕೋಟೆಯಲ್ಲಿ ದಾರ ಎಂದಿತ್ತು. ಅರ್ಜಿ ನಾನೇ ತುಂಬಿದೆ. ಭಾವ ನಾಲ್ಕನೆಯ ತರಗತಿಯವರೆಗೆ ಓದಿದವರು, ನಿಧಾನಕ್ಕೆ ಓದುತ್ತಿದ್ದರು, ಬರೆಯುವುದನ್ನು ಮಾತ್ರ ಆದಷ್ಟು ತಪ್ಪಿಸಿಕೊಳ್ಳುತ್ತಿದ್ದರು. ವಿಳಾಸದ ಜಾಗದಲ್ಲಿ ಹೋಟೆಲಿನ ವಿಳಾಸ ಬರೆದೆ. ಹೋಟೆಲಿನವರು ಎಲ್ಲದಕ್ಕೂ ಹೋಟೆಲಿನ ವಿಳಾಸವನ್ನೇ ಕೊಡುತ್ತಾರೆ, ಕೋಣೆ ವರ್ಷಕ್ಕೊಮ್ಮೆ ಬದಲಾಗುತ್ತದೆ, ಹೋಟೆಲು ಬದಲಾಗುವುದಿಲ್ಲ. ಭಾವನೂ ಬೇಡವೆನ್ನಲಿಲ್ಲ. ಮುಚ್ಚಿದ ಪತ್ರವಲ್ಲವೇ.

ಡಾಕ್ಟರು ಆಗ ಒಂದು ಸಹಾಯ ಕೇಳಿದರು. ಮುಂದೆ ಕಳಿಸುವ ಪ್ರಶ್ನೆಗಳ ಹಾಳೆ ಇಂಗ್ಲಿಷಿನಲ್ಲೂ ಮರಾಠಿಯಲ್ಲೂ ಇತ್ತು. ಅವರಲ್ಲಿಗೆ ಬರುವವರಲ್ಲಿ ಠಾಣೆಯ ಹೋಟೆಲುಗಳವರು, ಭಿವಂಡಿಯ ಮಗ್ಗದವರು ಹೀಗೆ ಕನ್ನಡದವರೇ ಸಾಕಷ್ಟು ಮಂದಿ. ತಮಗೆ ಕನ್ನಡ ಮಾತಾಡಲು ಬರುತ್ತದೆ, ಓದಿದ್ದು ಮರಾಠಿ ಶಾಲೆಯಲ್ಲಾದ್ದರಿಂದ ಬರೆಯಲು ಬರುವುದಿಲ್ಲ ಎಂದರು. ಕನ್ನಡಕ್ಕೆ ಇಳಿಸಿಕೊಡಲು ನಾನು ಒಪ್ಪಿಕೊಂಡೆ. ದಿನಾ ಮಾಡುವ ಕೆಲಸವೇ ಅದು.

ಒಂದು ಮಾತಿಗೆ ಮಾತ್ರ ನಮ್ಮಲ್ಲಿ ಭಿನ್ನಾಭಿಪ್ರಾಯ ಬಂತು. ಮರಾಠಿಯ ಹಾಳೆಯಲ್ಲಿದ್ದಂತೆ 'ಭಗಂದರ' ಎಂದೇ ಬರೆಯಿರಿ, ಗ್ರಂಥದಲ್ಲಿರುವ ಶಬ್ದ ಎಂದರು ಡಾಕ್ಟರು. ನಮ್ಮ ಹೋಟೆಲಿನವರಿಗೆ ಅದು ಯಾವುದೋ ದೇವರ ಹೆಸರಿನ ಹಾಗೆ ಕೇಳಿಸೀತು ಎಂದೆ. ಓದುಗನಿಗೆ ಒಂದೇ ಓದಿಗೆ ಅರ್ಥವಾಗದ ಪದವನ್ನು ಪುಟಕ್ಕೆ ಬಿಡಬಾರದೆಂದು ನಮ್ಮ ಸುದ್ದಿಮನೆಯಲ್ಲಿ ಕಲಿಸಿದ್ದರು. ನಾನು ಬರೆದದ್ದು ಹೀಗೆ: ನಿಮ್ಮ ಮಲದ್ವಾರದ ಪಕ್ಕದಲ್ಲಿದ್ದ ತೂತು ಪೂರ್ತಿ ಮುಚ್ಚಿದೆಯೇ? ಅದರಿಂದ ಈಗಲೂ ಕೀವು ಬರುತ್ತದೆಯೇ? ಮಲ ತಡೆದುಕೊಳ್ಳಲು ಆಗುತ್ತದೆಯೇ? ಮೊದಲಿನ ಕೆಲಸಕ್ಕೆ ಮರಳಿದ್ದೀರಾ? ಇಲ್ಲವಾದರೆ ಕಾರಣವೇನು? ನನ್ನ ಅಕ್ಷರ ದುಂಡಗಿದೆಯೆಂದು ಪ್ರತಿಗಳನ್ನು ಅಚ್ಚು ತೆಗೆಯುವ ಸ್ಟೆನ್ಸಿಲನ್ನೂ ನನ್ನ ಕೈಯಲ್ಲೇ ಬರೆಸಿದರು.

ಚಿಕಿತ್ಸೆ ಹದಿಮೂರು ವಾರ ನಡೆಯಿತು. ಕಳ್ಳಿಹಾಲು, ಉತ್ತರಣೆ ಗಿಡದ ಕ್ಷಾರ, ಅರಿಸಿನ ಇವನ್ನು ಪದರ ಪದರವಾಗಿ ಹಚ್ಚಿ ಒಣಗಿಸಿದ ದಾರ ಅದು. ತೂತಿನಿಂದ ಒಳಕ್ಕೆ ಹಾಯಿಸಿ, ಮಲದ್ವಾರದಿಂದ ಹೊರಕ್ಕೆ ತಂದು ಗಂಟು ಹಾಕುತ್ತಿದ್ದರು. ಅದು ದಿನದಿನವೂ ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತ, ಹಿಂದಿನಿಂದ ಮಾಯಿಸುತ್ತ ಬರುತ್ತದೆ. ಪ್ರತಿ ಗುರುವಾರ ಹಳೆಯ ದಾರದ ತುದಿಗೆ ಹೊಸದನ್ನು ಕಟ್ಟಿ ಎಳೆಯುವುದು. ಹೊರಬಂದ ಹಳೆಯ ದಾರವನ್ನು ಅಳೆದು, ಕಾಗದಕ್ಕೆ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆಯುತ್ತಿದ್ದರು. ವಾರದಿಂದ ವಾರಕ್ಕೆ ದಾರ ಗಿಡ್ಡವಾಗುತ್ತ ಹೋಗುವುದನ್ನು ಡಾಕ್ಟರು ಭಾವನಿಗೆ ತೋರಿಸುತ್ತಿದ್ದರು.

"ಕಲ್ಯಾಣ್ ಯಾರ್ಡಲ್ಲಿ ರೈಲಿನ ಡಬ್ಬಿಗೆ ಡಬ್ಬಿ ಕಟ್ಟಿ ಎಳೀತಾರಲ್ಲ, ಅದೇ ಇದು" ಎಂದು ಭಾವ ಮನೆಯಲ್ಲಿ ಅಕ್ಕನಿಗೆ ವಿವರಿಸಿದರು. "ಯಾರ್ಡು ಮಾತ್ರ ನಂದು."

ಗುರುವಾರದ ಎರಡು ಗಂಟೆಗಳ ರಜೆಗೆ ಅವರು ಹೋಟೆಲಿನಲ್ಲಿ ಹಲ್ಲುನೋವಿನ ನೆಪ ಹೇಳಿದ್ದರು. ಹೀಗೆ ವಾರಕ್ಕೊಂದು ಕೀಳಿಸಿದರೆ ದೀಪಾವಳಿಗೆ ನಿನಗೆ ಗಂಜಿಯೇ ಗತಿ ಎಂದು ಧಣಿಗಳು ತಮಾಷೆ ಮಾಡಿದರಂತೆ. ಗಂಜಿ ಬೇಯಿಸ್ಲಿಕ್ಕೆ ಹಲ್ಲು ಬೇಡ ಧಣಿ ಎಂದು ಭಾವ ಉತ್ತರ ಕೊಟ್ಟು, ಕೆನ್ನೆ ಹಿಡಿದುಕೊಂಡೇ ಆಸ್ಪತ್ರೆಗೆ ಬಂದಿದ್ದರು.

ಹದಿಮೂರನೆಯ ಗುರುವಾರ ದಾರ ತಾನಾಗಿ ಕಳಚಿ ಬಿತ್ತು. ಇನ್ನೆರಡು ವಾರಕ್ಕೆ ಗಾಯವೂ ಒಣಗಿತು. ಕೊನೆಯ ಸಲ ತೋರಿಸಿಕೊಂಡು ಬರುವಾಗ, ಮಧ್ಯಾಹ್ನದ ಖಾಲಿ ಲೋಕಲ್‌ನಲ್ಲಿ, ಭಾವ ಕಿಟಕಿಯ ಪಕ್ಕದ ಸೀಟಿನಲ್ಲಿ ಕೂತರು. ಮುಂಬ್ರಾ ದಾಟುವವರೆಗೆ ಹೊರಗೇ ನೋಡುತ್ತಿದ್ದರು. ಆಮೇಲೆ, ಈ ಕಡೆಯಿಂದ ಖಾಡಿಯ ನೀರು ಕಾಣುತ್ತದೆಂದು ತಮಗೆ ಗೊತ್ತೇ ಇರಲಿಲ್ಲ ಎಂದರು. ಚಿಕಿತ್ಸೆ ಫಲಿಸಿತ್ತು. ಮುಂದಿನದನ್ನು ಓದುವವರು ಇದನ್ನು ಮರೆಯಬಾರದು.

ಏಳೆಂಟು ತಿಂಗಳು ಕಳೆಯಿತು. ಮಳೆಗಾಲ ಶುರುವಾದ ವಾರ, ಒಂದು ಮಧ್ಯಾಹ್ನದ ಅಂಚೆಯಲ್ಲಿ ಭಾವನ ಹೆಸರಿಗೆ ಒಂದು ಕಾರ್ಡು ಬಂತು. ನಾನು ಅಲ್ಲಿರಲಿಲ್ಲ. ಆಮೇಲೆ ಅಲ್ಲಿದ್ದ ಮೂವರನ್ನು ಬೇರೆ ಬೇರೆಯಾಗಿ ಕೇಳಿದ್ದೇನೆ, ಮೂವರೂ ಹೇಳಿದ್ದು ಹೊಂದುತ್ತದೆ. ಕನ್ನಡದ ಕಾರ್ಡು, ಅದರಲ್ಲೂ ಜವಾಬಿನ ಕಾರ್ಡು ಜೋಡಿಸಿದ್ದು. ಊರಿನವರಿಗೆ ಏನೋ ಅವಸರದ ಉತ್ತರ ಬೇಕಾಗಿದೆಯೆಂದು ಧಣಿಗಳು ಅದನ್ನೇ ಮೊದಲು ಎತ್ತಿಕೊಂಡರು. ಮುಂದೆ ಕಣ್ಣು ಹಾಯಿಸುವ ಅಭ್ಯಾಸ ಅವರಿಗಿರಲಿಲ್ಲ. ಅಕ್ಷರ ಚೆನ್ನಾಗಿದೆಯೆಂದು ಹೊಗಳಿ, ಭಾವನ ಹೆಸರು ಹೇಳಿ, ಗಟ್ಟಿಯಾಗಿ ಮೊದಲನೆಯ ಪ್ರಶ್ನೆ ಓದಿದರು. ಓದಿದ ಧಾಟಿಯಲ್ಲೇ ಎರಡನೆಯದನ್ನೂ ಓದಿ, 'ಕೀವು' ಎಂಬಲ್ಲಿ ನಿಂತರು. ಯಾರೂ ನಗಲಿಲ್ಲ. ಭಾವ ಚಹಾದ ಲೋಟ ಕೆಳಗಿಟ್ಟು ಕಾವಲಿಯ ಹತ್ತಿರ ಹೋಗಿ, ಆರಿಸಿದ್ದ ಒಲೆಯನ್ನು ಮತ್ತೆ ಹೊತ್ತಿಸಿದರು. ಆ ಹೊತ್ತಿಗೆ ಅಲ್ಲಿ ಯಾವ ದೋಸೆಯೂ ಬೇಕಾಗಿರಲಿಲ್ಲ.

ಧಣಿಗಳು ಕೆಟ್ಟವರೆಂದು ನಾನು ಹೇಳಲಾರೆ. ಎಲ್ಲರೆದುರು ಒಂದು ಮಾತೂ ಆಡಲಿಲ್ಲ. ಸಂಜೆ ಭಾವನನ್ನು ಗಲ್ಲಾದ ಹತ್ತಿರ ಕರೆದು, ಈಗ ಗುಣವಾಗಿದೆಯೆಂದೇ ಇಟ್ಟುಕೊಳ್ಳೋಣ, ಆದರೂ ಇಷ್ಟು ದಿನ ಒಳಗೆ ನಿಂತಿದ್ದೆಯಲ್ಲ ಎಂದರಂತೆ. ನೌಪಾಡಾದ ಗಿರಾಕಿಗಳ ಕಿವಿಗೆ ಬಿದ್ದರೆ ಬಾಗಿಲು ಹಾಕಬೇಕಾಗುತ್ತದೆ ಎಂದರಂತೆ. ಮರುದಿನದಿಂದ ಭಾವನಿಗೆ ಉಗ್ರಾಣದಲ್ಲಿ ಅಕ್ಕಿ ಬೇಳೆ ಆರಿಸುವ ಕೆಲಸ. ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ದಿನವಿಡೀ ಕೂತು ಮಾಡುವ ಕೆಲಸವದು.

ಕಾರ್ಡು ಬಂದ ದಿನವೇ ರಾತ್ರಿ ನಾನು ಮನೆಗೆ ಬಂದಾಗ ಅಕ್ಕ ಬಡಿಸಲು ಕೂತಿದ್ದಳು. ಭಾವ ಆ ಕಾರ್ಡನ್ನು ತಂದು ನನ್ನ ತಟ್ಟೆಯ ಪಕ್ಕದಲ್ಲಿಟ್ಟರು.

"ಇದು ನಿನ್ನ ಅಕ್ಷರ ಅಲ್ವಾ?"

ಹೌದೆಂದೆ. ಆದರೆ ಕಾರ್ಡಿನಲ್ಲಿ ಕಳಿಸುತ್ತಾರೆಂದು ನನಗೆ ಗೊತ್ತಿರಲಿಲ್ಲ ಎಂದೆ.

"ಅಕ್ಷರ ನಿಂದು. ವಿಳಾಸ ಬರೆದದ್ದು ನೀನು. ತೂತು, ಕೀವು ಅಂತ ಬಿಡಿಸಿ ಬಿಡಿಸಿ ಹೇಳಿದ್ದು ನೀನು. ಇನ್ನು ಗೊತ್ತಿಲ್ಲದ್ದು ಎಂತ ಉಳೀತು ಮಾರಾಯ?"

ದನಿ ಏರಿಸಿರಲಿಲ್ಲ. ಅಕ್ಕ ಸಾರಿನ ಸೌಟು ಹಿಡಿದುಕೊಂಡೇ ಇದ್ದಳು. ಮರಾಠಿಯ ಕಾರ್ಡಾಗಿದ್ದರೆ ಧಣಿಗಳು ಬದಿಗಿಡುತ್ತಿದ್ದರು. ಭಗಂದರ ಎಂದಿದ್ದರೆ ಓದಿಯೂ ಅವರಿಗೆ ತಿಳಿಯುತ್ತಿರಲಿಲ್ಲ. ಇದು ನನಗೆ ಆಗಲೇ ಹೊಳೆದಿತ್ತು. ಕಾರ್ಡನ್ನು ಜೇಬಿಗೆ ಹಾಕಿಕೊಂಡೆ.

ಮರುದಿನ ಕಚೇರಿಗೆ ಹೋಗುವ ಮೊದಲು ಠಾಣೆಯಲ್ಲಿ ಇಳಿದೆ. ಡಾಕ್ಟರು ನನ್ನನ್ನು ನೋಡಿ ಖುಷಿಪಟ್ಟರು, ಚಹಾ ತರಿಸಿದರು. ನಾನು ಕಾರ್ಡನ್ನು ಮೇಜಿನ ಮೇಲಿಟ್ಟು ಏನಾಯಿತೆಂದು ಹೇಳಿದೆ. ಅವರ ಮುಖ ಬಾಡಿದ್ದು ನಿಜ. ಆದರೆ ಅವರ ಬಳಿ ಕಾರಣಗಳಿದ್ದವು. ಮೊದಲ ತಂಡದವರಿಗೆ ಮುಚ್ಚಿದ ಪತ್ರಗಳನ್ನೇ ಕಳಿಸಿದ್ದರು, ಉತ್ತರ ಬರೆದವರು ಬೆರಳೆಣಿಕೆಯ ಮಂದಿ. ಜವಾಬಿನ ಕಾರ್ಡಾದರೆ ಟಿಕ್ ಹಾಕಿ ಡಬ್ಬಿಗೆ ಹಾಕಿದರಾಯಿತು. ಕಮಿಟಿಯಲ್ಲಿ ಹಾಗೆಂದು ತೀರ್ಮಾನವಾಗಿತ್ತು. ನಮಗೆ ಯಾಕೆ ತಿಳಿಸಲಿಲ್ಲ ಎಂದು ಕೇಳಿದೆ. ರೋಗಿಗಳಿಗೆಲ್ಲ ಒಬ್ಬೊಬ್ಬರಾಗಿ ಹೇಗೆ ತಿಳಿಸುವುದು ಎಂದರು. ನೀವು ಮಾತು ಕೊಟ್ಟಿದ್ದಿರಿ ಎಂದೆ.

"ಮಾತು ಮುರಿದಿಲ್ರಿ. ಹೆಸರೂ ರೋಗಾನೂ ಒಂದ ಪುಟದಾಗ ಇಲ್ಲ ನೋಡ್ರಿ. ಹೆಸರು ಈ ಕಡೆ ಐತಿ, ಪ್ರಶ್ನೆ ಆ ಕಡೆ ಅದಾವ."

ಅವರು ಕಾರ್ಡನ್ನು ತಿರುಗಿಸಿ ಎರಡೂ ಬದಿ ತೋರಿಸಿದರು. ವ್ಯಂಗ್ಯವಿರಲಿಲ್ಲ. ಅವರು ಅದನ್ನು ನಂಬಿದ್ದರೆಂದೇ ನನಗೆ ಅನಿಸಿತು. ಮುಂದಿನ ಸಲ ಇವರೊಬ್ಬರಿಗೆ ಮನೆಯ ವಿಳಾಸಕ್ಕೆ ಕಳಿಸುತ್ತೇವೆ ಎಂದು ಗುರುತು ಹಾಕಿಕೊಂಡರು. ನಾನು ಏಳುವಾಗ ಸಮಾಧಾನದ ಮಾತು ಎಂದುಕೊಂಡು ಹೇಳಿದರು: "ನಿಮ್ಮ ಕನ್ನಡ ಭಾಳ ಛಲೋ ಆತ್ರಿ. ಹೋದ ತಿಂಗಳ ಕಳಿಸಿದ ಕಾರ್ಡಿಗೆ ಕನ್ನಡದವರ ಉತ್ತರಾನ ಎಲ್ಲಾರಿಗಿಂತ ಹೆಚ್ಚು ಬಂದಾವ."

ಆ ಕಾರ್ಡುಗಳು ಎಷ್ಟು ಹೋಟೆಲುಗಳಲ್ಲಿ, ಎಷ್ಟು ಮಗ್ಗದ ಶೆಡ್ಡುಗಳಲ್ಲಿ ಗಟ್ಟಿಯಾಗಿ ಓದಲ್ಪಟ್ಟವೋ ನನಗೆ ತಿಳಿಯದು. ಹುಡುಕಿಕೊಂಡು ಹೋಗಲಿಲ್ಲ.

ಮನೆಗೆ ವಾಪಸು ತಂದ ಜವಾಬಿನ ಕಾರ್ಡು ಹಾಗೇ ಉಳಿದಿತ್ತು. ಅದನ್ನು ಹರಿದುಹಾಕೋಣವೆಂದೆ. ಭಾವ ಒಪ್ಪಲಿಲ್ಲ. ಕೇಳಿದ್ದಾರಲ್ಲ, ಬರೆ ಎಂದರು. ತೂತು ಮುಚ್ಚಿದೆಯೇ, ಹೌದು. ಕೀವು, ಇಲ್ಲ. ತಡೆದುಕೊಳ್ಳಲು ಆಗುತ್ತದೆಯೇ, ಆಗುತ್ತದೆ. ಮೊದಲಿನ ಕೆಲಸಕ್ಕೆ ಮರಳಿದ್ದೀರಾ? ಇಲ್ಲ. ಕಾರಣ?

"ನಿಮ್ಮ ಕಾರ್ಡು ಬಂತು ಅಂತ ಬರೆ" ಎಂದರು.

ಅಷ್ಟೇ ಬರೆದೆ. ಅವರು ನನ್ನ ಕೈಯಿಂದ ಕಾರ್ಡು ತೆಗೆದುಕೊಂಡು, ಬರೆದದ್ದನ್ನು ನಿಧಾನವಾಗಿ ಓದಿ ನೋಡಿ, ತಾವೇ ಸ್ಟೇಶನ್ನಿನ ಡಬ್ಬಿಗೆ ಹಾಕಿ ಬಂದರು. ಅದುವರೆಗೆ ನಾನು ಬರೆದದ್ದನ್ನು ಅವರು ಓದಿ ನೋಡಿದ್ದು ನನಗೆ ನೆನಪಿಲ್ಲ.

ಉಗ್ರಾಣದಲ್ಲಿ ಎರಡು ತಿಂಗಳಿದ್ದು ಭಾವ ಹೋಟೆಲು ಬಿಟ್ಟರು. ಕಲ್ಯಾಣದಲ್ಲಿ ಎರಡು ಕಡೆ ಕೇಳಿದರು, ಎರಡೂ ಕಡೆ ಸಂಗತಿ ಮೊದಲೇ ತಲುಪಿತ್ತು. ಮನೆಯಲ್ಲಿ ನನ್ನೊಡನೆ ಮಾತು ಬಿಟ್ಟಿರಲಿಲ್ಲ. ಟ್ರೇನು ತಡವಾಯಿತೇ, ಊಟ ಆಯಿತೇ ಎಂದೆಲ್ಲ ಕೇಳುತ್ತಿದ್ದರು. ಸಿಟ್ಟು ಇಳಿಯುತ್ತಿದೆಯೇನೋ ಎಂದು ಅಕ್ಕನನ್ನು ಕೇಳಿದೆ.

"ಸಿಟ್ಟು ಅಲ್ಲ. ಎಂತದೂ ನಿನ್ನ ಹತ್ರ ಹೇಳ್ಲಿಕ್ಕಿಲ್ಲ ಅಂತ ಮಾಡಿದ್ದಾರೆ. ನಾನೂ ಹೇಳ್ಬಾರ್ದಂತೆ" ಎಂದಳು. ಅವಳ ಕೈಯಲ್ಲಿ ಊರಿನಿಂದ ಬಂದ ಇನ್‌ಲ್ಯಾಂಡ್ ಇತ್ತು. ಅದರ ಉತ್ತರವನ್ನು ಅವಳು ಪಕ್ಕದ ಕೋಣೆಯವರಿಂದ ಬರೆಸಿದ್ದಳು.

ಮುಂದಿನ ವರ್ಷ ಆಸ್ಪತ್ರೆಯಲ್ಲಿ ಸಂಶೋಧನೆಯ ಫಲಿತಾಂಶ ಓದುವ ಸಭೆಯಾಯಿತು. ಈ ವಿಷಯ ನನಗೆ ಪರಿಚಿತವೆಂದು ಸಂಪಾದಕರು ನನ್ನನ್ನೇ ಕಳಿಸಿದರು. ಪ್ರಬಂಧದ ಪ್ರತಿಗಳನ್ನು ಹಂಚಿದರು. ದಾರ ಕಟ್ಟಿಸಿಕೊಂಡವರಲ್ಲಿ ಕಾಯಿಲೆ ಮರುಕಳಿಸಿದ್ದು ಕಡಿಮೆ ಎಂಬುದು ಅದರ ಸಾರಾಂಶ. ಕೊನೆಯಲ್ಲಿ ಕೆಲಸದ ಬಗ್ಗೆ ಒಂದು ಕೋಷ್ಟಕವಿತ್ತು. ಮರಳಿದವರು ಇಷ್ಟು, ನೋವಿನಿಂದ ಮರಳದವರು ಇಷ್ಟು, ಕೀವಿನಿಂದ ಇಷ್ಟು. ಅದರ ಕೆಳಗೆ 'ಇತರ ಕಾರಣ' ಎಂದಿತ್ತು, ಎದುರಿಗೆ ಒಂದು ಎಂಬ ಅಂಕಿ. ನಾನು ಡಾಕ್ಟರ ಕಡೆ ನೋಡಿದೆ. ಅವರು ವೇದಿಕೆಯಿಂದ ನನ್ನತ್ತ ತಲೆಯಾಡಿಸಿ ನಕ್ಕರು, ಹಳೆಯ ಪರಿಚಯದವರಿಗೆ ನಗುವ ಹಾಗೆ.

ಕಚೇರಿಗೆ ಬಂದು ವರದಿ ಬರೆದೆ. ಚಿಕಿತ್ಸೆಯ ಕ್ರಮ, ಫಲಿತಾಂಶ, ಡಾಕ್ಟರ ಮಾತು ಎಲ್ಲ ಕ್ರಮವಾಗಿ ಬಂತು. ಕೊನೆಯಲ್ಲಿ ಒಂದು ವಾಕ್ಯ ಸೇರಿಸಿದೆ: ಸಂಶೋಧನೆಯ ಪ್ರಶ್ನೆಗಳು ತೆರೆದ ಕಾರ್ಡಿನಲ್ಲಿ ಬಂದದ್ದರಿಂದ ಕೆಲಸ ಕಳೆದುಕೊಂಡೆನೆಂದು ಗುಣವಾದ ರೋಗಿಯೊಬ್ಬರು ಹೇಳಿದ್ದಾರೆ. ಬರೆದ ಮೇಲೆ ಬೇರೆಯವರ ಪ್ರತಿ ನೋಡುವಂತೆ ನನ್ನದನ್ನೂ ನೋಡಿದೆ. ಹೇಳಿದವರು ಒಬ್ಬರೇ. ಅವರೂ ವರದಿಗಾರನ ಭಾವ. ಇಂಥ ಸಾಲನ್ನು ಬೇರೆ ಯಾರಾದರೂ ಬರೆದು ತಂದಿದ್ದರೆ ನಾನು ಹೊಡೆದುಹಾಕುತ್ತಿದ್ದೆ. ಹೊಡೆದುಹಾಕಿದೆ.

ಪತ್ರಿಕೆ ಮನೆಗೆ ಬರುತ್ತಿತ್ತು. ಭಾವ ಬಾಗಿಲ ಬಳಿ ಕೂತು ಆ ವರದಿಯನ್ನು ಬೆರಳಿಟ್ಟುಕೊಂಡು ಕೊನೆಯವರೆಗೆ ಓದಿದರು. ಕೊನೆಗೆ ಬಂದ ಮೇಲೆ, ಮುಂದಿನ ಪುಟದಲ್ಲಿ ಉಳಿದದ್ದೇನಾದರೂ ಇದೆಯೇ ಎಂದು ತಿರುಗಿಸಿ ನೋಡಿದರು.

"ಸುಳ್ಳು ಒಂದೂ ಇಲ್ಲ" ಎಂದರು. ಮಡಿಸಿ, ಡಬ್ಬಿಗಳ ಅಡಿಗೆ ಹಾಸಲು ಅಕ್ಕನ ಕೈಗೆ ಕೊಟ್ಟರು.

ರಬಾಳೆಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅವರಿಗೆ ಕೆಲಸ ಸಿಕ್ಕಿದ್ದು ಅದರ ಮುಂದಿನ ಚಳಿಗಾಲದಲ್ಲಿ. ಗುತ್ತಿಗೆದಾರರು ಮರಾಠಿಯವರು, ನಮ್ಮ ಹೋಟೆಲಿನವರ ಪರಿಚಯ ಅವರಿಗಿರಲಿಲ್ಲ. ದೋಸೆ ಇರಲಿಲ್ಲ, ದೊಡ್ಡ ಪಾತ್ರೆಯಲ್ಲಿ ಅನ್ನ ಮತ್ತು ಕಾಳಿನ ಉಸಳ. ಸೇರುವ ದಿನ ದಾರಿ ತೋರಿಸಲೆಂದು ಅಕ್ಕ ನನ್ನನ್ನು ಜೊತೆಗೆ ಕಳಿಸಿದಳು. ಕಚೇರಿಯ ಕಿಟಕಿಯಲ್ಲಿ ಒಂದು ಅರ್ಜಿ ಕೊಟ್ಟರು. ರೂಢಿಯಂತೆ ನಾನು ಪೆನ್ನು ತೆಗೆದು ಕೈ ಚಾಚಿದೆ. ಭಾವ ಪೆನ್ನು ತೆಗೆದುಕೊಂಡರು, ಅರ್ಜಿ ಕೊಡಲಿಲ್ಲ.

ಕಿಟಕಿಯ ಕಟ್ಟೆಗೆ ಒರಗಿ, ನಿಂತುಕೊಂಡೇ, ಒಂದೊಂದೇ ಅಕ್ಷರವಾಗಿ ಬರೆಯತೊಡಗಿದರು. ಹಿಂದೆ ಸಾಲಿನಲ್ಲಿದ್ದವರು ಗೊಣಗಿದರೂ ಅವಸರ ಮಾಡಲಿಲ್ಲ. ವಿಳಾಸದ ಜಾಗಕ್ಕೆ ಬಂದಾಗ ಒಮ್ಮೆ ನನ್ನ ಕಡೆ ನೋಡಿದರು. ಆಮೇಲೆ, ಪರೀಕ್ಷೆಯಲ್ಲಿ ಪಕ್ಕದವನಿಗೆ ಕಾಣಬಾರದೆಂದು ಮಾಡುತ್ತಾರಲ್ಲ, ಹಾಗೆ ಎಡಗೈಯನ್ನು ಕಾಗದಕ್ಕೆ ಅಡ್ಡ ಹಿಡಿದು, ನಾನೂ ಇರುವ ನಮ್ಮದೇ ಮನೆಯ ವಿಳಾಸವನ್ನು ಬರೆದರು.